ಬಿ.ಎ. ಕಾಂಬಿನೇಷನ್ ಬರೆದುಕೊಡುವ ಮುನ್ನ: ಮಾನವಿಕ ವಿಷಯಗಳನ್ನು ಓದಿ ನೋಡಿ ಆರಿಸಿಕೊಳ್ಳುವ ಕ್ರಮ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ದಿನದಿಂದ ಪದವಿ ಕಾಲೇಜುಗಳ ದಾಖಲಾತಿ ಶುರುವಾಗುವವರೆಗೆ ವಿದ್ಯಾರ್ಥಿಗಳಿಗೆ ಸಾಕಷ್ಟು ಬಿಡುವು ಸಿಗುತ್ತದೆ. ಎಂಜಿನಿಯರಿಂಗ್ ಅಥವಾ ವೈದ್ಯಕೀಯಕ್ಕೆ ಹೊರಟವರು ಆ ದಿನಗಳನ್ನು ಸಿಇಟಿ, ನೀಟ್ ತಯಾರಿಯಲ್ಲಿ ಕಳೆಯುತ್ತಾರೆ. ಬಿ.ಎ. ಸೇರಬೇಕೆಂದಿರುವವರಿಗೆ ಮಾತ್ರ ಯಾವ ತಯಾರಿಯೂ ಬೇಕಿಲ್ಲವೆಂಬ ಭಾವನೆ ಮನೆಯಲ್ಲೂ ಇದೆ, ಕಾಲೇಜಿನಲ್ಲೂ ಇದೆ. ಹಾಗಾಗಿ ಅರ್ಜಿ ತುಂಬುವ ದಿನ ಕೌಂಟರಿನ ಮುಂದೆ ನಿಂತು, ಪಕ್ಕದ ಗೆಳತಿ ಏನು ಬರೆದಳೆಂದು ನೋಡಿ, ಅಥವಾ ಗುಮಾಸ್ತರು "ಎಚ್‌ಇಪಿಯಲ್ಲಿ ಸೀಟು ಇದೆ" (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಕಾಂಬಿನೇಷನ್) ಎಂದರೆ ಅದನ್ನೇ ಒಪ್ಪಿಕೊಂಡು, ಮೂರು ವರ್ಷದ ಓದನ್ನು ಐದು ನಿಮಿಷದಲ್ಲಿ ನಿರ್ಧರಿಸಿಬಿಡುವವರ ಸಂಖ್ಯೆ ದೊಡ್ಡದು.

ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಸಾಹಿತ್ಯ, ತತ್ವಶಾಸ್ತ್ರ, ಮನಶ್ಶಾಸ್ತ್ರಗಳಂತಹ ವಿಷಯಗಳು ಹೆಸರಿನಿಂದ ಅರ್ಥವಾಗುವಂಥವಲ್ಲ. ಪಿಯುಸಿಯಲ್ಲಿ ಬಂದ ಅಂಕಗಳಿಂದಲೂ ಅವು ನಮಗೆ ಒಗ್ಗುತ್ತವೆಯೇ ಎಂದು ಹೇಳಲಾಗುವುದಿಲ್ಲ, ಏಕೆಂದರೆ ಅಲ್ಲಿ ನೆನಪಿಗೆ ಸಲ್ಲುವ ಅಂಕವೇ ಹೆಚ್ಚು. ಒಂದು ವಿಷಯ ನಮ್ಮದೇ ಎಂದು ತಿಳಿಯಲು ಅದರ ಕೆಲಸವನ್ನು, ಸ್ವಲ್ಪ ಮಟ್ಟಿಗಾದರೂ, ಕೈಯಾರೆ ಮಾಡಿ ನೋಡಬೇಕು. ಹೆಚ್ಚು ಖರ್ಚಿಲ್ಲದೆ, ದಾಖಲಾತಿಗೆ ಮೊದಲು ಮತ್ತು ಮೊದಲ ಸೆಮಿಸ್ಟರಿನ ಆರಂಭದ ವಾರಗಳಲ್ಲಿ ಅದನ್ನು ಮಾಡುವುದು ಹೇಗೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದೆ. ವಿಜ್ಞಾನ ಅಥವಾ ವಾಣಿಜ್ಯ ಓದಿ ಈಗ ಕಲಾ ವಿಭಾಗಕ್ಕೆ ಬರಬೇಕೆಂದಿರುವವರಿಗೂ ಇದು ಅನ್ವಯಿಸುತ್ತದೆ, ಬಿ.ಎ. ಪ್ರವೇಶಕ್ಕೆ ಪಿಯುಸಿಯಲ್ಲಿ ಕಲಾ ವಿಭಾಗವನ್ನೇ ಓದಿರಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇರುವುದಿಲ್ಲ.

ಮೊದಲು ತಿಳಿದುಕೊಳ್ಳಬೇಕಾದದ್ದು: ನೀವು ಸಹಿ ಹಾಕುತ್ತಿರುವುದು ಯಾವುದಕ್ಕೆ

ಕರ್ನಾಟಕದಲ್ಲಿ ಪದವಿಯ ಚೌಕಟ್ಟು ಕೆಲವೇ ವರ್ಷಗಳಲ್ಲಿ ಎರಡು ಸಲ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂದು, ಅದರೊಂದಿಗೆ ಬೇರೆ ವಿಭಾಗದ ವಿಷಯವನ್ನು ಒಂದು ಸೆಮಿಸ್ಟರಿನ ಮಟ್ಟಿಗೆ ಓದಿ ನೋಡಲು ಅವಕಾಶ ಕೊಡುವ ಓಪನ್ ಎಲೆಕ್ಟಿವ್ ಪತ್ರಿಕೆಗಳೂ ಬಂದವು. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿತು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸೇರಿದ ಕಾಲೇಜುಗಳಲ್ಲಿ ಬಿ.ಎ. ವಿದ್ಯಾರ್ಥಿ ಸಾಮಾನ್ಯವಾಗಿ ಮೂರು ಪ್ರಧಾನ ವಿಷಯಗಳನ್ನೂ ಅವುಗಳ ಜೊತೆಗೆ ಭಾಷಾ ಪತ್ರಿಕೆಗಳನ್ನೂ ಓದುತ್ತಾರೆ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಕ್ರಮ ಇಟ್ಟುಕೊಂಡಿವೆ. ಆದ್ದರಿಂದ ಅಕ್ಕ ಅಥವಾ ಸೋದರಮಾವನ ಮಗ ಓದಿದ ಕಾಲದ ನಿಯಮವನ್ನು ನಂಬಿಕೊಳ್ಳದೆ, ನೀವು ಸೇರುವ ವರ್ಷದ ಪ್ರಾಸ್ಪೆಕ್ಟಸ್ಸನ್ನೇ ಓದಬೇಕು.

ಅದನ್ನು ಓದುವಾಗ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ. ಮೂರು ವಿಷಯಗಳಿಗೂ ಕೊನೆಯವರೆಗೆ ಸಮಾನ ತೂಕವಿದೆಯೇ, ಅಥವಾ ಮುಂದೆ ಒಂದನ್ನು ಹೆಚ್ಚು ಆಳವಾಗಿ ಓದಲು ಅವಕಾಶವಿದೆಯೇ? ಸೇರಿದ ಮೇಲೆ ಕಾಂಬಿನೇಷನ್ ಬದಲಿಸಿಕೊಳ್ಳಲು ಎಷ್ಟು ದಿನಗಳ ಅವಕಾಶವಿದೆ? ಕಾಲೇಜಿನಲ್ಲಿ ಆ ವಿಷಯಕ್ಕೆ ಕಾಯಂ ಅಧ್ಯಾಪಕರು ಇದ್ದಾರೆಯೇ? ಕೊನೆಯ ಪ್ರಶ್ನೆ ಪ್ರಾಸ್ಪೆಕ್ಟಸ್ಸಿನಲ್ಲಿ ಇರುವುದಿಲ್ಲ. ಕಾಲೇಜಿಗೆ ಹೋಗಿ ಹಿಂದಿನ ವರ್ಷದ ವಿದ್ಯಾರ್ಥಿಗಳನ್ನೇ ಕೇಳಬೇಕು. ಅತಿಥಿ ಉಪನ್ಯಾಸಕರಲ್ಲಿ ಬಹಳ ಒಳ್ಳೆಯವರಿದ್ದಾರೆ, ಆದರೆ ಅವರ ನೇಮಕಾತಿ ತಡವಾದ ವರ್ಷ ಆ ವಿಷಯದ ತರಗತಿಗಳೂ ತಡವಾಗುತ್ತವೆ ಎಂಬುದನ್ನು ಗಮನದಲ್ಲಿಡಬೇಕು.

ಮೂರು ವಿಷಯಗಳ ಪಟ್ಟಿ

ಎಲ್ಲ ವಿಷಯಗಳನ್ನೂ ಪರೀಕ್ಷಿಸಲು ಸಮಯವಿಲ್ಲ. ಒಂದು ಹಾಳೆಯಲ್ಲಿ ಮೂರನ್ನು ಬರೆದುಕೊಳ್ಳಿ: ಪಿಯುಸಿಯಲ್ಲಿ ಓದಿ ಇಷ್ಟವಾದದ್ದು ಒಂದು, ಎಂದೂ ಓದಿರದ ಹೊಸದು ಒಂದು, ಕಷ್ಟವೆಂದು ಕೇಳಿ ದೂರವಿಟ್ಟದ್ದು ಒಂದು. ಮೂರನೆಯದನ್ನು ಬಿಡಬೇಡಿ. ಅರ್ಥಶಾಸ್ತ್ರದ ರೇಖಾಚಿತ್ರಗಳಿಗೂ ಹಳಗನ್ನಡಕ್ಕೂ ಹೆದರಿ ಓಡಿದವರು ಆ ಭಯವನ್ನು ಬಹುಮಟ್ಟಿಗೆ ಬೇರೆಯವರಿಂದ ಪಡೆದಿರುತ್ತಾರೆ.

ಹೊಸ ವಿಷಯವನ್ನು ಆರಿಸುವಾಗ, ಅದು ನೀವು ಸೇರಬಹುದಾದ ಕಾಲೇಜುಗಳಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ತತ್ವಶಾಸ್ತ್ರವನ್ನು ಬಿ.ಎ. ಮಟ್ಟದಲ್ಲಿ ಕಲಿಸುವ ಕಾಲೇಜುಗಳು ರಾಜ್ಯದಲ್ಲಿ ಈಗ ಕಡಿಮೆ. ಎಂ. ಹಿರಿಯಣ್ಣ, ಎಸ್. ರಾಧಾಕೃಷ್ಣನ್ ಪಾಠ ಹೇಳಿದ ಮೈಸೂರಿನ ನಾಡಿನಲ್ಲಿ ಹೀಗಾಗಿರುವುದು ನೋವಿನ ಸಂಗತಿಯೇ ಸರಿ. ಭಾಷಾವಿಜ್ಞಾನ ಮತ್ತು ಪುರಾತತ್ವ ಶಾಸ್ತ್ರಗಳು ಹೆಚ್ಚಾಗಿ ಸ್ನಾತಕೋತ್ತರ ಹಂತದಲ್ಲಿ ಸಿಗುತ್ತವೆ. ಅವುಗಳ ಕಡೆಗೆ ಒಲವಿದ್ದವರು ಪದವಿಯಲ್ಲಿ ಐಚ್ಛಿಕ ಕನ್ನಡ ಅಥವಾ ಇತಿಹಾಸವನ್ನು ಹಿಡಿದು ಆ ದಾರಿಗೆ ಬರಬೇಕಾಗುತ್ತದೆ.

ಪಠ್ಯಕ್ರಮ ಮತ್ತು ಹಳೆಯ ಪ್ರಶ್ನೆಪತ್ರಿಕೆ

ವಿಶ್ವವಿದ್ಯಾಲಯಗಳ ಜಾಲತಾಣಗಳಲ್ಲಿ ಬಿ.ಎ. ಪಠ್ಯಕ್ರಮ ಸಿಗುತ್ತದೆ. ಪ್ರತಿ ವಿಷಯದ ಮೊದಲ ಸೆಮಿಸ್ಟರಿನ ಜೊತೆಗೆ ಐದನೆಯ ಸೆಮಿಸ್ಟರಿನ ಪತ್ರಿಕೆಗಳ ಶೀರ್ಷಿಕೆಗಳನ್ನೂ ಓದಿ. ಮೊದಲನೆಯದು ಪಿಯುಸಿಯ ಮುಂದುವರಿಕೆಯಂತೆ ಕಾಣುತ್ತದೆ. ವಿಷಯದ ನಿಜವಾದ ಸ್ವರೂಪ ಐದನೆಯದರಲ್ಲಿ ತೋರುತ್ತದೆ.

ಇಲ್ಲಿಯೇ ಅನೇಕರ ಕಲ್ಪನೆ ಬದಲಾಗುತ್ತದೆ. ರಾಜ್ಯಶಾಸ್ತ್ರವೆಂದರೆ ಚುನಾವಣೆ, ಪಕ್ಷ, ದಿನಪತ್ರಿಕೆಯ ಸುದ್ದಿ ಎಂದುಕೊಂಡವರು ಪ್ಲೇಟೊ, ಅರಿಸ್ಟಾಟಲ್, ಮೆಕಿಯವೆಲ್ಲಿ, ಹಾಬ್ಸ್, ರೂಸೊ ಇವರ ಚಿಂತನೆಗೇ ಒಂದು ಇಡೀ ಪತ್ರಿಕೆ ಮೀಸಲಾಗಿರುವುದನ್ನು ಕಾಣುತ್ತಾರೆ. ಸಮಾಜಶಾಸ್ತ್ರ ಸುಲಭ, ಎಲ್ಲರಿಗೂ ಗೊತ್ತಿರುವುದನ್ನೇ ಬರೆದರಾಯಿತು ಎಂದು ನಂಬಿದವರಿಗೆ ಡರ್ಕ್‌ಹೈಮ್, ವೇಬರ್, ಮಾರ್ಕ್ಸ್ ಎದುರಾಗುತ್ತಾರೆ. ಅವರ ಜೊತೆಗೆ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಕೊಡಗಿನಲ್ಲೂ ಮೈಸೂರು ಸೀಮೆಯ ಹಳ್ಳಿಯೊಂದರಲ್ಲೂ ನಡೆಸಿದ ಅಧ್ಯಯನದಿಂದ ರೂಪಿಸಿದ ಸಂಸ್ಕೃತೀಕರಣ, ಪ್ರಬಲ ಜಾತಿ ಎಂಬ ಪರಿಕಲ್ಪನೆಗಳೂ ಬರುತ್ತವೆ. ಮನಶ್ಶಾಸ್ತ್ರದ ವಿಷಯದಲ್ಲಿ ತಪ್ಪು ಕಲ್ಪನೆ ಎಲ್ಲಕ್ಕಿಂತ ಹೆಚ್ಚು. ಜನರ ಮನಸ್ಸನ್ನು ಓದುವ ವಿದ್ಯೆಯೆಂದು ಸೇರಿದವರಿಗೆ ಪ್ರಯೋಗ, ಪ್ರಾಕ್ಟಿಕಲ್ ರೆಕಾರ್ಡ್, ಸಂಖ್ಯಾಶಾಸ್ತ್ರಗಳು ಅಡ್ಡಬರುತ್ತವೆ. ಬಿ.ಎ. ಒಂದರಿಂದಲೇ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ; ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಮುಂದಿನ ತರಬೇತಿ ಮತ್ತು ನೋಂದಣಿ ಬೇಕು. ಇದನ್ನು ಮೊದಲೇ ತಿಳಿದು ಸೇರಿದವರು ಆ ವಿಷಯವನ್ನು ಸಂತೋಷದಿಂದ ಓದುತ್ತಾರೆ.

ಪಠ್ಯಕ್ರಮದ ನಂತರ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದುಕೊಳ್ಳಿ. ಕಾಲೇಜು ಗ್ರಂಥಾಲಯದಲ್ಲಿ ಅಥವಾ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅವು ಸಿಗುತ್ತವೆ. ಉತ್ತರ ಬರೆಯುವುದು ಈಗ ಬೇಡ. ಪ್ರಶ್ನೆಗಳನ್ನು ಓದುತ್ತ, ಯಾವುದರ ಉತ್ತರವನ್ನು ತಿಳಿಯಬೇಕೆಂದು ನಿಮಗೆ ನಿಜವಾಗಿ ಅನ್ನಿಸುತ್ತದೆಯೋ ಅದರ ಮುಂದೆ ಗುರುತು ಹಾಕಿ. ಇಡೀ ಪತ್ರಿಕೆಯಲ್ಲಿ ಒಂದು ಗುರುತೂ ಬೀಳದಿದ್ದರೆ ಆ ವಿಷಯವನ್ನು ಪಟ್ಟಿಯಿಂದ ತೆಗೆಯುವ ಮುನ್ನ ಇನ್ನೊಂದು ಸೆಮಿಸ್ಟರಿನ ಪತ್ರಿಕೆಯನ್ನು ನೋಡಿ. ಅದರಲ್ಲೂ ಬೀಳದಿದ್ದರೆ ತೆಗೆದುಬಿಡಿ.

ಒಂದು ಕಲ್ಲು, ಹಲವು ಶಾಸ್ತ್ರಗಳು

ವಿಷಯಗಳ ನಡುವಿನ ವ್ಯತ್ಯಾಸವನ್ನು ಅರಿಯಲು ನಾನು ಬಲ್ಲ ಅತ್ಯುತ್ತಮ ವಿಧಾನವೆಂದರೆ ಒಂದೇ ವಸ್ತುವನ್ನು ಹಿಡಿದು, ಒಂದೊಂದು ಶಾಸ್ತ್ರವೂ ಅದಕ್ಕೆ ಯಾವ ಪ್ರಶ್ನೆ ಹಾಕುತ್ತದೆಂದು ನೋಡುವುದು. ಅದಕ್ಕೆ ಆತಕೂರಿನ ಕಲ್ಲನ್ನು ತೆಗೆದುಕೊಳ್ಳೋಣ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಶಾಸನ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ನಾಯಿಯೊಂದು ಹಂದಿಯ ಮೇಲೆ ಬಿದ್ದು ಕಾದಾಡುತ್ತಿರುವ ಉಬ್ಬುಶಿಲ್ಪವಿದೆ. ನಾಯಿಯ ಹೆಸರು ಕಾಳಿ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಚೋಳರ ಮೇಲೆ ದಂಡೆತ್ತಿಹೋಗಿ ತಕ್ಕೋಲದಲ್ಲಿ ಯುದ್ಧ ಮಾಡಿದಾಗ ಚೋಳ ರಾಜಾದಿತ್ಯ ಮಡಿದ. ಅವನನ್ನು ಕೊಂದ ಗಂಗರ ಬೂತುಗನಿಗೆ ಕೃಷ್ಣ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ತನ್ನ ಭಟ ಮಣಲರತನಿಗೆ ಬೂತುಗ ಬೇಕಾದದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರೊಡನೆ ಕಾದಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನೂ ಬಿಟ್ಟರು.

ಇತಿಹಾಸದ ವಿದ್ಯಾರ್ಥಿ ಮೊದಲು ಕಾಲವನ್ನು ನೋಡುತ್ತಾನೆ. ಶಾಸನದಲ್ಲಿ ಶಕವರ್ಷ 872, ಸೌಮ್ಯ ಸಂವತ್ಸರ ಎಂದಿದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 950 ಬರಬೇಕು, ಆದರೆ ವಿದ್ವಾಂಸರು 949-50 ಎಂದು ಬರೆಯುತ್ತಾರೆ. ಕಳೆದುಹೋದ ವರ್ಷವನ್ನು ಎಣಿಸುವ ರೂಢಿಯೂ ನಡೆಯುತ್ತಿರುವ ವರ್ಷವನ್ನು ಎಣಿಸುವ ರೂಢಿಯೂ ಎರಡೂ ಇದ್ದದ್ದರಿಂದ, ಸಂವತ್ಸರದ ಹೆಸರನ್ನು ತಾಳೆ ನೋಡಿಯೇ ವರ್ಷವನ್ನು ನಿಶ್ಚಯಿಸಬೇಕು. ಆಮೇಲೆ ಅದೇ ಯುದ್ಧವನ್ನು ಚೋಳರ ಕಡೆಯ ಶಾಸನಗಳು ಹೇಗೆ ಹೇಳುತ್ತವೆಂದು ಪಕ್ಕದಲ್ಲಿಟ್ಟು ಓದಬೇಕು. ಈ ತಾಳೆ ನೋಡುವ ಕೆಲಸ ನಿಮಗೆ ಬೇಸರ ತರಿಸುತ್ತದೆಯೋ, ಅಥವಾ ಊಟದ ಹೊತ್ತನ್ನು ಮರೆಸುತ್ತದೆಯೋ ಎಂಬುದನ್ನು ಪ್ರಾಮಾಣಿಕವಾಗಿ ಗಮನಿಸಿ. ಇತಿಹಾಸದ ಓದಿನ ಬಹುಪಾಲು ಈ ಕೆಲಸವೇ. ರಾಜರ ಕಥೆ ಅದರ ಫಲ ಮಾತ್ರ.

ರಾಜ್ಯಶಾಸ್ತ್ರಕ್ಕೆ ಇಲ್ಲಿ ಕಾಣುವುದು ಅಧಿಕಾರದ ಸರಪಳಿ: ಚಕ್ರವರ್ತಿ ಸಾಮಂತನಿಗೆ ನಾಡು ಕೊಡುತ್ತಾನೆ, ಸಾಮಂತ ಭಟನಿಗೆ ಮೆಚ್ಚು ಕೊಡುತ್ತಾನೆ, ಕೊಡುವವನ ಆಳ್ವಿಕೆ ನಿಲ್ಲುವುದು ಕೊಡುವುದರಿಂದಲೇ. ಅರ್ಥಶಾಸ್ತ್ರ ಕೇಳುವುದು ಬೇರೆ. ಪೂಜೆಗೆ ಬಿಟ್ಟ ಭೂಮಿಯನ್ನು ಉಳುತ್ತಿದ್ದವರು ಯಾರು, ಅದರ ಹುಟ್ಟುವಳಿ ಯಾರ ಪಾಲಿಗೆ ಹೋಗುತ್ತಿತ್ತು ಎಂದು ಅದು ಲೆಕ್ಕ ಹಾಕಹೊರಡುತ್ತದೆ. ಸಮಾಜಶಾಸ್ತ್ರದ ವಿದ್ಯಾರ್ಥಿಗೆ ಕಲ್ಲಿನಲ್ಲಿ ಇರುವುದರಷ್ಟೇ ಇಲ್ಲದಿರುವುದೂ ಮುಖ್ಯ. ನಾಯಿಗೂ ಕಲ್ಲು ನಿಂತ ಊರಿನಲ್ಲಿ ಹೊಲದಲ್ಲಿ ದುಡಿದವರ ಹೆಸರು ಏಕೆ ಉಳಿಯಲಿಲ್ಲ, ಊರಿನ ವೀರಗಲ್ಲಿಗೆ ಇಂದು ಯಾವ ಮನೆಯವರು ಎಣ್ಣೆ ಹಚ್ಚುತ್ತಾರೆ, ಯಾರು ದೂರ ನಿಲ್ಲುತ್ತಾರೆ ಎಂದು ಕೇಳುತ್ತ ಅವರು ಗ್ರಂಥಾಲಯದಿಂದ ಎದ್ದು ಊರಿಗೆ ಹೋಗುತ್ತಾರೆ.

ಸಾಹಿತ್ಯ ಮತ್ತು ಭಾಷೆಯ ಕಡೆಯವರು ಮಾತಿನ ಮೇಲೆ ನಿಲ್ಲುತ್ತಾರೆ. ಹತ್ತನೆಯ ಶತಮಾನದ ಗದ್ಯ ಹೀಗೆ ಬಿಗಿಯಾಗಿ, ಒಂದೇ ಉಸಿರಿನಲ್ಲಿ ಕಥೆ ಹೇಳುವುದು ಹೇಗೆ? ಆಗಿನ "ಪಾಲು", "ಪುಲಿ" ಮುಂದೆ "ಹಾಲು", "ಹುಲಿ" ಆದದ್ದು ಯಾವಾಗ? ತತ್ವಶಾಸ್ತ್ರದ ಪ್ರಶ್ನೆ ಇವೆಲ್ಲಕ್ಕೂ ಬೇರೆಯ ನೆಲೆಯದು: ನಾಯಿಯ ಕಾದಾಟವನ್ನು ಶೌರ್ಯವೆಂದು ಕರೆಯಬಹುದೇ, ಆಯ್ಕೆ ಇಲ್ಲದ ಕಡೆ ನಿಷ್ಠೆಗೆ ಬೆಲೆ ಇದೆಯೇ, ಒಡೆಯನಿಗಾಗಿ ಸಾಯುವುದು ಧರ್ಮವಾಗುವುದು ಯಾವ ಆಧಾರದಿಂದ? ಮನಶ್ಶಾಸ್ತ್ರವಾದರೋ ಈ ಕಲ್ಲಿನ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮನುಷ್ಯನಿಗೂ ಸಾಕುಪ್ರಾಣಿಗೂ ಇರುವ ಬಾಂಧವ್ಯವನ್ನು ಅಳೆಯುವ ಪ್ರಶ್ನಾವಳಿಯನ್ನು ಸಿದ್ಧಮಾಡಿ ಇಂದಿನ ಜನರ ಬಳಿಗೆ ಹೋಗುತ್ತದೆ. ಕಲ್ಲನ್ನು ಬಿಟ್ಟು ಹೋಗಲು ನಿಮಗೆ ಮನಸ್ಸಾಗದಿದ್ದರೆ ಅದೂ ನಿಮ್ಮ ಬಗ್ಗೆ ಒಂದು ಮಾಹಿತಿಯೇ.

ಇದೇ ಕೆಲಸವನ್ನು ನಿಮ್ಮ ಊರಿನ ವಸ್ತುವಿನಿಂದ ಮಾಡಿ. ಕೆರೆ ಏರಿಯ ಮೇಲಿನ ವೀರಗಲ್ಲು, ವಾರದ ಸಂತೆ, ಮನೆಯಲ್ಲಿ ಅಜ್ಜಿ ಹಾಡುವ ಬೀಸುವ ಪದ, ಸಹಕಾರ ಸಂಘದ ಹಳೆಯ ಲೆಕ್ಕದ ಪುಸ್ತಕ, ಯಾವುದಾದರೂ ಆಗಬಹುದು. ಊರಿನ ಶಾಸನದ ಪಾಠ ಬೇಕಿದ್ದರೆ, ಬಿ.ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ಜಿಲ್ಲೆ ಮತ್ತು ತಾಲ್ಲೂಕುಗಳ ಪ್ರಕಾರ ಜೋಡಿಸಿರುವುದರಿಂದ, ನಿಮ್ಮ ತಾಲ್ಲೂಕಿನ ಭಾಗವನ್ನು ತೆರೆದು ಊರಿನ ಹೆಸರನ್ನು ಹುಡುಕಬಹುದು. ಪಟ್ಟಿಯಲ್ಲಿರುವ ಮೂರು ವಿಷಯಗಳ ಕಡೆಯಿಂದಲೂ ಆ ಒಂದೇ ವಸ್ತುವಿನ ಬಗ್ಗೆ ಎರಡೆರಡು ಪುಟ ಬರೆಯಿರಿ. ಬರೆದದ್ದನ್ನು ಒಂದು ವಾರ ಎತ್ತಿಟ್ಟು ಮತ್ತೆ ಓದಿ. ಮೂರರಲ್ಲಿ ಯಾವುದನ್ನು ತಿದ್ದಿ ಇನ್ನೂ ಚೆನ್ನಾಗಿ ಬರೆಯಬೇಕೆಂದು ಕೈ ಹೋಗುತ್ತದೆಯೋ ಅದಕ್ಕೆ ಹೆಚ್ಚಿನ ತೂಕ ಕೊಡಿ. ಯಾರಾದರೂ ಅಧ್ಯಾಪಕರಿಗೆ ತೋರಿಸಲು ಸಾಧ್ಯವಾದರೆ ತೋರಿಸಿ, ಆದರೆ ಅಂಕ ಕೇಳಬೇಡಿ. ಮುಂದೆ ಏನನ್ನು ಓದಬೇಕೆಂದು ಮಾತ್ರ ಕೇಳಿ.

ಪುಸ್ತಕ ಮತ್ತು ಪಾಠಗಳು ಎಲ್ಲಿ ಸಿಗುತ್ತವೆ

ಪಿಯುಸಿಯಲ್ಲಿ ಓದಿರದ ವಿಷಯವಾದರೆ ಮೊದಲು ಅದರ ಪ್ರಥಮ ಪಿಯುಸಿ ಪಠ್ಯಪುಸ್ತಕವನ್ನು ಯಾರಿಂದಲಾದರೂ ಎರವಲು ಪಡೆದು ಓದಿ. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಪುಸ್ತಕಗಳು ಅದರ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಇಂಗ್ಲಿಷ್ ಓದಬಲ್ಲವರಿಗೆ ಸಮಾಜಶಾಸ್ತ್ರ ಮತ್ತು ಮನಶ್ಶಾಸ್ತ್ರಗಳಿಗೆ ಅವು ಒಳ್ಳೆಯ ಪ್ರವೇಶ. ಪದವಿ ಮಟ್ಟದ ಪಾಠಗಳು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಇ-ಜ್ಞಾನಕೋಶ ಜಾಲತಾಣದಲ್ಲಿವೆ. ಕನ್ನಡದಲ್ಲೇ ಓದಬೇಕೆನ್ನುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಬಿ.ಎ. ಅಧ್ಯಯನ ಸಾಮಗ್ರಿ ನೆರವಾಗುತ್ತದೆ; ಅಲ್ಲಿ ಓದುತ್ತಿರುವ ಪರಿಚಿತರಿದ್ದರೆ ಒಂದು ಪುಸ್ತಕವನ್ನು ಕೆಲವು ದಿನಗಳ ಮಟ್ಟಿಗೆ ಕೇಳಿ ತನ್ನಿ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಲ್ಲಿಯೂ ಕನ್ನಡ ಪುಸ್ತಕಗಳೂ ನಿಘಂಟುಗಳೂ ಸಿಗುತ್ತವೆ.

ಕೇಂದ್ರ ಸರ್ಕಾರದ ಸ್ವಯಂ ಎಂಬ ಆನ್‌ಲೈನ್ ಪಾಠಗಳ ವೇದಿಕೆಯಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಿ ಪಾಠ ಕೇಳಬಹುದು. ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು. ಜನವರಿ ಮತ್ತು ಜುಲೈನಲ್ಲಿ ಹೊಸ ಸರಣಿಗಳು ತೆರೆದುಕೊಳ್ಳುತ್ತವೆ. ಬೇಸಿಗೆಯ ಬಿಡುವಿನಲ್ಲಿರುವವರು ಹಿಂದಿನ ಸರಣಿಗಳ ಉಪನ್ಯಾಸಗಳನ್ನು ಯೂಟ್ಯೂಬಿನಲ್ಲಿ ನೋಡಬಹುದು. ಐಐಟಿಗಳ ಅಧ್ಯಾಪಕರು ಎನ್‌ಪಿಟಿಇಎಲ್‌ ಎಂಬ ಆನ್‌ಲೈನ್ ಪಾಠ ಯೋಜನೆಗೆ ಮಾಡಿರುವ ಮಾನವಿಕ ವಿಭಾಗದ ಪಾಠಗಳಲ್ಲಿ ತತ್ವಶಾಸ್ತ್ರ, ಸಾಹಿತ್ಯ, ಸಮಾಜಶಾಸ್ತ್ರಗಳೆಲ್ಲ ಇವೆ. ಒಂದು ಎಚ್ಚರಿಕೆ ಅಗತ್ಯ: ವಿಡಿಯೊ ನೋಡುವುದು ಹಿತವಾಗಿರುತ್ತದೆ, ಆದರೆ ಚೆನ್ನಾಗಿ ಮಾತಾಡುವ ಅಧ್ಯಾಪಕರ ಮೇಲಿನ ಮೆಚ್ಚುಗೆ ವಿಷಯದ ಮೇಲಿನ ಒಲವೆಂದು ತೋರಿಬಿಡುತ್ತದೆ. ಎರಡು ಉಪನ್ಯಾಸ ಕೇಳಿದ ಮೇಲೆ ಅದೇ ಅಧ್ಯಾಯವನ್ನು ಪುಸ್ತಕದಲ್ಲಿ ಒಬ್ಬರೇ ಕುಳಿತು ಓದಿ. ಆಗಲೂ ಆಸಕ್ತಿ ಉಳಿದರೆ ಅದು ವಿಷಯದ್ದು.

ಕಾಲೇಜಿಗೆ ಹೋಗಿ ತರಗತಿಯಲ್ಲಿ ಕುಳಿತುಕೊಳ್ಳುವುದು

ನಮ್ಮ ಕಾಲೇಜುಗಳಲ್ಲಿ ಹೊರಗಿನವರು ತರಗತಿಯಲ್ಲಿ ಕುಳಿತು ಕೇಳುವ ವ್ಯವಸ್ಥೆ ಕಾಗದದ ಮೇಲೆ ಇರುವುದು ಅಪರೂಪ. ಹಾಗೆಂದು ಅದು ಅಸಾಧ್ಯವಲ್ಲ. ಪದವಿ ತರಗತಿಗಳು ನಡೆಯುತ್ತಿರುವ ದಿನಗಳನ್ನು ಮೊದಲು ವಿಚಾರಿಸಿಕೊಂಡು, ಬೆಳಗ್ಗೆ ತರಗತಿ ಆರಂಭವಾಗುವ ಮುನ್ನ ಹೋಗಿ ವಿಭಾಗದ ಮುಖ್ಯಸ್ಥರನ್ನು ಕಾಣಿ. ಪಿಯುಸಿ ಅಂಕಪಟ್ಟಿಯ ಪ್ರತಿ ಮತ್ತು ಗುರುತಿನ ಚೀಟಿ ಜೊತೆಗಿರಲಿ. "ಸರ್, ಈ ವರ್ಷ ಬಿ.ಎ. ಸೇರಬೇಕೆಂದಿದ್ದೇನೆ. ಸಮಾಜಶಾಸ್ತ್ರ ತೆಗೆದುಕೊಳ್ಳಬೇಕೋ ಬೇಡವೋ ಎಂದು ತಿಳಿಯಲು ಎರಡು ತರಗತಿ ಕೇಳಲು ಅನುಮತಿ ಕೊಡುತ್ತೀರಾ?" ಎಂದು ನೇರವಾಗಿ ಕೇಳಿದರೆ ಬಹುತೇಕ ಅಧ್ಯಾಪಕರು ಸಂತೋಷಪಡುತ್ತಾರೆ. ಪ್ರಾಂಶುಪಾಲರ ಒಪ್ಪಿಗೆ ಬೇಕೆಂದರೆ ನಾಲ್ಕು ಸಾಲಿನ ಕೋರಿಕೆ ಪತ್ರ ಬರೆದುಕೊಡಿ. ಮೊದಲ ಬೆಂಚಿನಲ್ಲಾಗಲಿ ಕೊನೆಯ ಬೆಂಚಿನಲ್ಲಾಗಲಿ ಕೂರಬೇಡಿ. ನಡುವೆ ಕುಳಿತರೆ ಪಾಠದ ಜೊತೆಗೆ, ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆಂಬುದೂ ತಿಳಿಯುತ್ತದೆ. ಅವರು ಪ್ರಶ್ನೆ ಕೇಳುತ್ತಿದ್ದಾರೆಯೇ, ನೋಟ್ಸನ್ನು ಮಾತ್ರ ಬರೆದುಕೊಳ್ಳುತ್ತಿದ್ದಾರೆಯೇ?

ತರಗತಿ ಮುಗಿದ ಮೇಲೆ ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳೊಡನೆ ಮಾತನಾಡಿ. "ಈ ವಿಷಯ ಹೇಗಿದೆ?" ಎಂದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. ಕಳೆದ ಸೆಮಿಸ್ಟರಿನಲ್ಲಿ ಪಠ್ಯದ ಹೊರಗೆ ಏನು ಓದಿದಿರಿ, ಇಂಟರ್ನಲ್ ಅಂಕಕ್ಕೆ ಏನು ಬರೆಸಿದರು, ಕನ್ನಡದಲ್ಲಿ ಪುಸ್ತಕ ಸಿಗದ ಪತ್ರಿಕೆ ಯಾವುದು ಎಂದು ಕೇಳಿ. ಕೊನೆಯ ಪ್ರಶ್ನೆ ಕನ್ನಡ ಮಾಧ್ಯಮದವರಿಗೆ ಬಹಳ ಮುಖ್ಯ, ಏಕೆಂದರೆ ಕೆಲವು ಪತ್ರಿಕೆಗಳಿಗೆ ಗೈಡುಗಳನ್ನು ಬಿಟ್ಟರೆ ಬೇರೆ ಕನ್ನಡ ಪುಸ್ತಕ ಸಿಗುವುದು ಕಷ್ಟ. ಅಂತಹ ಕಡೆ ಮೊದಲ ವರ್ಷದಿಂದಲೇ ಇಂಗ್ಲಿಷ್ ಓದಿನ ಅಭ್ಯಾಸವನ್ನು ಜೊತೆಯಲ್ಲಿ ಮಾಡಿಕೊಳ್ಳಬೇಕಾಗುತ್ತದೆ.

ವಿಷಯಕ್ಕೆ ಸಂಬಂಧಿಸಿದ ಒಂದು ಸ್ಥಳವನ್ನೂ ನೋಡಿ ಬನ್ನಿ. ಧಾರವಾಡದ ಸುತ್ತಲಿನವರಿಗೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿರುವ, 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯವಿದೆ. ಮೈಸೂರಿನವರಿಗೆ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯವೂ, ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಇವೆ. ಬೆಂಗಳೂರು ಮೈಸೂರು ದಾರಿಯಲ್ಲಿ ರಾಮನಗರದ ಜಾನಪದ ಲೋಕ ಸಿಗುತ್ತದೆ.

ಉದ್ಯೋಗದ ಪ್ರಶ್ನೆಯನ್ನು ಮನೆಯವರೊಡನೆ ಮಾತಾಡುವುದು

"ಅದನ್ನು ಓದಿ ಏನು ಮಾಡುತ್ತೀಯಾ?" ಎಂದು ಅಪ್ಪ ಅಮ್ಮ ಕೇಳುವುದು ಸಹಜ. ಬೇಸರಿಸಿಕೊಳ್ಳದೆ, ಖಚಿತ ಮಾಹಿತಿಯೊಂದಿಗೆ ಉತ್ತರಿಸಬೇಕು. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಯಾವ ವಿಷಯದ ಪದವಿಯಾದರೂ ಸಾಕು, ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯವನ್ನು ಪದವಿಯಲ್ಲಿ ಓದಿರಲೇಬೇಕೆಂಬ ನಿಯಮವಿಲ್ಲ. ಆ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕನ್ನಡ ಸಾಹಿತ್ಯ, ತತ್ವಶಾಸ್ತ್ರ, ಮನಶ್ಶಾಸ್ತ್ರಗಳೂ ಇವೆ. ಆದ್ದರಿಂದ ಐಎಎಸ್‌ಗಾಗಿ ಎಚ್‌ಇಪಿಯನ್ನೇ ತೆಗೆದುಕೊಳ್ಳಬೇಕೆಂಬ ಮಾತಿಗೆ ನಿಯಮದ ಆಧಾರವಿಲ್ಲ.

ಕಾಂಬಿನೇಷನ್ ನಿಜವಾಗಿ ಬಾಗಿಲು ಮುಚ್ಚುವುದು ಬೇರೆ ಎರಡು ಕಡೆ. ಒಂದು, ಶಿಕ್ಷಕ ವೃತ್ತಿ: ಪ್ರೌಢಶಾಲಾ ಶಿಕ್ಷಕರ ನೇಮಕಾತಿ ಅಧಿಸೂಚನೆಯಲ್ಲಿ ಯಾವ ಹುದ್ದೆಗೆ ಪದವಿಯಲ್ಲಿ ಯಾವ ವಿಷಯಗಳನ್ನು ಓದಿರಬೇಕೆಂದು ಹೇಳಿರುತ್ತದೆ, ಬಿ.ಎಡ್. ಬೋಧನಾ ವಿಷಯಗಳೂ ಅದಕ್ಕೆ ಹೊಂದಿಕೊಂಡಿರುತ್ತವೆ. ಹಿಂದಿನ ಅಧಿಸೂಚನೆಯೊಂದನ್ನು ತೆಗೆದು, ನಿಮ್ಮ ಮೂರು ವಿಷಯಗಳು ಅದರಲ್ಲಿ ಎಲ್ಲಿ ಬರುತ್ತವೆಂದು ಬೆರಳಿಟ್ಟು ನೋಡಿ. ಎರಡು, ಎಂ.ಎ. ಪ್ರವೇಶ: ಅನೇಕ ವಿಭಾಗಗಳು ಪದವಿಯಲ್ಲಿ ಆ ವಿಷಯವನ್ನು ಓದಿದವರಿಗೆ ಮಾತ್ರ, ಇಲ್ಲವೇ ಅವರಿಗೆ ಮೊದಲು, ಸೀಟು ಕೊಡುತ್ತವೆ. ಹೀಗಾಗಿ ಮೂರರಲ್ಲಿ ಕನಿಷ್ಠ ಒಂದು ವಿಷಯವಾದರೂ ಎಂ.ಎ. ತನಕ ಓದಲು ಮನಸ್ಸು ಬರುವಂಥದ್ದಾಗಿರಲಿ. ಉಳಿದ ಎರಡನ್ನು ಶಿಕ್ಷಕ ಹುದ್ದೆ ಅಥವಾ ಬೇರೆ ಉದ್ಯೋಗದ ಲೆಕ್ಕದಿಂದ ಆರಿಸಿದರೂ ಬೇಸರಪಡಬೇಕಿಲ್ಲ. ಮನೆಯವರ ಕಾಳಜಿಗೂ ನಿಮ್ಮ ಒಲವಿಗೂ ಒಂದೇ ಕಾಂಬಿನೇಷನ್ನಿನಲ್ಲಿ ಜಾಗ ಮಾಡಿಕೊಡಬಹುದು ಎಂಬುದು ಮೂರು ವಿಷಯಗಳ ಪದ್ಧತಿಯ ದೊಡ್ಡ ಅನುಕೂಲ.

ಬಿ.ಕಾಂ. ಅಥವಾ ಬಿ.ಎಸ್‌ಸಿ.ಯನ್ನೇ ಮನೆಯವರು ಗಟ್ಟಿಯಾಗಿ ಹಿಡಿದರೂ ದಾರಿ ಪೂರ್ತಿ ಮುಚ್ಚುವುದಿಲ್ಲ. ಏಕಕಾಲದಲ್ಲಿ ಎರಡು ಪದವಿ ಓದಲು ಯುಜಿಸಿ 2022ರಲ್ಲಿ ಅವಕಾಶ ಕೊಟ್ಟಿದ್ದು, ಒಂದನ್ನು ಕಾಲೇಜಿನಲ್ಲಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಓದಬಹುದು. ಆದರೆ ಮೊದಲ ವರ್ಷದಲ್ಲೇ ಎರಡನ್ನೂ ಹೊತ್ತುಕೊಳ್ಳುವುದಕ್ಕಿಂತ, ಸ್ವಯಂ ವೇದಿಕೆಯ ಒಂದು ಸರಣಿಯನ್ನು ಪರೀಕ್ಷೆಯ ಸಮೇತ ಮುಗಿಸಿ ನೋಡುವುದು ಒಳ್ಳೆಯದು.

ಅರ್ಜಿ ತುಂಬುವಾಗ ಮತ್ತು ಸೇರಿದ ಮೊದಲ ವಾರಗಳಲ್ಲಿ

ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಯುಯುಸಿಎಂಎಸ್ ತಂತ್ರಾಂಶದ ಮೂಲಕ ನಡೆಯುತ್ತದೆ. ಸೈಬರ್ ಕೇಂದ್ರದವರ ಕೈಗೆ ಮೊಬೈಲ್ ಕೊಟ್ಟು ಹೊರಗೆ ಕೂರದೆ, ವಿಷಯಗಳನ್ನು ಆರಿಸುವ ಪುಟವನ್ನಾದರೂ ನೀವೇ ತುಂಬಿ. ಬೇಕಾದ ಕಾಂಬಿನೇಷನ್ ಸಿಗದಿದ್ದರೆ ಎರಡನೆಯ ಆಯ್ಕೆ ಯಾವುದೆಂದು ಮನೆಯಲ್ಲೇ ಬರೆದುಕೊಂಡು ಹೋಗಿರಿ. ನೀವು ಹೆಚ್ಚು ತೂಕ ಕೊಟ್ಟ ಆ ಒಂದು ವಿಷಯ ಎರಡನೆಯ ಆಯ್ಕೆಯಲ್ಲೂ ಇರಬೇಕು. ಹತ್ತಿರದ ಕಾಲೇಜಿನಲ್ಲಿ ಅದು ಇಲ್ಲವೇ ಇಲ್ಲವೆಂದರೆ, ಬಸ್ ಪಾಸ್ ಮತ್ತು ಹಾಸ್ಟೆಲ್ ಎರಡರ ಲೆಕ್ಕವನ್ನೂ ಹಾಕಿ ಮುಂದಿನ ಊರಿನ ಕಾಲೇಜನ್ನು ವಿಚಾರಿಸಿ.

ಸೇರಿದ ಮೇಲೆ ಮೊದಲ ಮೂರು ವಾರಗಳನ್ನು ಪರೀಕ್ಷೆಯ ಮುಂದುವರಿದ ಭಾಗವೆಂದೇ ತಿಳಿಯಿರಿ. ಮೂರೂ ವಿಷಯಗಳ ತರಗತಿಗಳಿಗೆ ತಪ್ಪದೆ ಹೋಗಿ, ಪ್ರತಿ ಶನಿವಾರ ಪ್ರತಿ ವಿಷಯದ ಬಗ್ಗೆ ನಾಲ್ಕು ಸಾಲು ಬರೆಯಿರಿ: ಈ ವಾರ ಏನು ಅರ್ಥವಾಯಿತು, ಏನು ಅರ್ಥವಾಗಲಿಲ್ಲ, ಅರ್ಥವಾಗದ್ದನ್ನು ತಿಳಿಯಲು ನಾನಾಗಿಯೇ ಏನಾದರೂ ಮಾಡಿದೆನೇ. ಒಂದು ವಿಷಯದಲ್ಲಿ ಕೊನೆಯ ಪ್ರಶ್ನೆಗೆ ಮೂರು ವಾರವೂ "ಇಲ್ಲ" ಎಂದು ಬಂದರೆ, ಕಾಂಬಿನೇಷನ್ ಬದಲಾವಣೆಯ ಕೊನೆಯ ದಿನಾಂಕಕ್ಕೆ ಮೊದಲೇ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ಅದಕ್ಕೂ ಮುನ್ನ ನೀವು ಹೋಗಬೇಕೆಂದಿರುವ ವಿಷಯದ ಒಂದೆರಡು ತರಗತಿಗಳಲ್ಲಿ ಕುಳಿತು ನೋಡಿ, ಆ ವಿಭಾಗದವರನ್ನೂ ಮಾತಾಡಿಸಿರಬೇಕು. ಸೀಟು ಇದ್ದು ವಿಭಾಗದವರ ಒಪ್ಪಿಗೆಯೂ ಇದ್ದರೆ ಕೆಲಸ ಬೇಗ ಆಗುತ್ತದೆ. ಬದಲಾವಣೆ ಒಪ್ಪಿಗೆಯಾದ ಮೇಲೆ ಅದು ಯುಯುಸಿಎಂಎಸ್‌ನಲ್ಲಿ ದಾಖಲಾಗಿದೆಯೇ ಎಂದು ನಿಮ್ಮ ಲಾಗಿನ್‌ನಲ್ಲಿ ನೋಡಿ, ಪುಟದ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ. ಕಾಲೇಜನ್ನೇ ಬದಲಿಸಿದ್ದರೆ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಯಲ್ಲಿಯೂ ಹೊಸ ಕಾಲೇಜಿನ ವಿವರವೇ ಇರುವಂತೆ ನೋಡಿಕೊಳ್ಳಿ. ಪರೀಕ್ಷಾ ಶುಲ್ಕ ಕಟ್ಟುವ ಹೊತ್ತಿಗೆ ಹಳೆಯ ವಿಷಯದ ಹೆಸರೇ ಉಳಿದಿದ್ದರೆ ಸರಿಪಡಿಸಲು ವಿಶ್ವವಿದ್ಯಾಲಯದವರೆಗೂ ಅಲೆಯಬೇಕಾಗುತ್ತದೆ.